ಸಂದಿಲ್ಲದ ಬಳ್ಳಿ

"ಆ ಹಾಳೆ ಒಂದನ್ನ ಮಾತ್ರ ಮುಟ್ಟಬೇಡಿ, ಅಳಿಯಂದ್ರೇ," ಎಂದು ಬಣ್ಣದಜ್ಜ ಮೂರನೆಯ ಸಲ ಹೇಳಿದ. ಅಳಿಯ ಮೂರನೆಯ ಸಲವೂ ನಕ್ಕ.

ನಗದೆ ಇನ್ನೇನು ಮಾಡಿಯಾನು? ಕಂಪ್ಯೂಟರ್ ಕಲಿತವನು. ಕಣ್ಣಿಗೆ ಕಂಡದ್ದನ್ನೂ ಪರದೆಯ ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿದ ಮೇಲೇ ನಂಬುವವನು. ಗೋಡೆಗೆ ಅಂಟಿಸುವ ಕಾಗದ ಅಚ್ಚು ಹಾಕುವ ಮಾವನ ಕಾರ್ಖಾನೆಗೆ ಬಂದು ಮೂರು ತಿಂಗಳಾಗಿತ್ತು. ಕೆಲಸಗಾರರು ಬೆನ್ನ ಹಿಂದೆ ಮನೆಯಳಿಯ ಎಂದು ಆಡಿಕೊಳ್ಳುವುದು ಗೊತ್ತಿದ್ದರಿಂದ, ಎದ್ದರೆ ಕೂತರೆ ತನ್ನ ಕೈಚಳಕ ತೋರಿಸಬೇಕೆಂಬ ಹಟ ಬೇರೆ. ಹಳೆಯ ಕಾಲದಲ್ಲಿ ಕೈಯಲ್ಲಿ ಬರೆದ ಬಳ್ಳಿ, ಹೂವು, ಹಕ್ಕಿಗಳ ಹಾಳೆಗಳು ಅಟ್ಟದ ಮೇಲೆ ತಗಡಿನ ಕೊಳವೆಗಳಲ್ಲಿ ಸುತ್ತಿಟ್ಟಿದ್ದವು. ಒಂದೊಂದನ್ನೇ ಇಳಿಸಿ, ಸ್ಕ್ಯಾನ್ ಮಾಡಿ, ಒಂದು ಚೌಕದ ತುಂಡು ತೆಗೆಯುವುದು ಅವನ ಕೆಲಸ. ಆ ತುಂಡಿನ ಬಲ ಅಂಚು ಎಡ ಅಂಚಿಗೆ ಕೂಡಬೇಕು, ಮೇಲಂಚು ಕೆಳಂಚಿಗೆ ಕೂಡಬೇಕು. ಕೂಡಿದರೆ ಅದೊಂದೇ ತುಂಡನ್ನು ಪಕ್ಕಪಕ್ಕ ಇಡುತ್ತ ಹೋಗಿ ಊರಗಲದ ಗೋಡೆ ತುಂಬಬಹುದು. ಕೂಡದಿದ್ದರೆ ಗೋಡೆಯ ಮೇಲೆ ಗೆರೆಯೊಂದು ಹಲ್ಲು ಕಿರಿಯುತ್ತದೆ. ಆ ಗೆರೆಗೆ ಕಾರ್ಖಾನೆಯವರ ಬಾಯಲ್ಲಿ ಸಂದು ಎಂದು ಹೆಸರು.

"ನಾನು ಮಾಡಿದ ತುಂಡಲ್ಲಿ ಸಂದು ಹುಡುಕಿಕೊಡಿ, ಅರ್ಧ ಮೀಸೆ ಬೋಳಿಸ್ಕೋತೀನಿ," ಎಂದು ಅಳಿಯ ಬಂದ ವಾರದಲ್ಲೇ ಸಾರಿಬಿಟ್ಟಿದ್ದ. ಮೀಸೆ ಇನ್ನೂ ಪೂರ್ತಿಯಾಗಿತ್ತು.

"ಯಾಕಜ್ಜಾ ಮುಟ್ಟಬಾರದು?"

"ಮುಗಿಸದೇ ಬಿಟ್ಟಿರೋ ಹಾಳೆ. ಮೂಲೇಲಿ ಬೆರಳಗಲ ಖಾಲಿ ಇದೆ. ಆ ಸಂದನ್ನ ಯಾರು ಮುಚ್ತಾರೋ ಅವರ ಮನೆಗೆ ಬಾಗಿಲಿರಲ್ಲ ಅಂತ ಬರೆದೋಳು ಶಾಪ ಹಾಕಿದಾಳೆ."

"ಬಾಗಿಲಿಲ್ಲದಿದ್ರೆ ಕಿಟಕಿಯಿಂದ ಓಡಾಡ್ತೀವಿ ಬಿಡು."

ಅಜ್ಜ ನಗಲಿಲ್ಲ. ನಲವತ್ತು ವರ್ಷ ಬಣ್ಣ ಕಲಸಿ ಅವನ ಉಗುರಿನ ಬುಡ ಹಸಿರಾಗಿಹೋಗಿತ್ತು. ಆ ಉಗುರನ್ನು ನೋಡಿಕೊಳ್ಳುತ್ತ, "ಬರೆದೋಳು ಯಾರು, ಯಾಕೆ ಬರೆದಳು, ನಿಮ್ಮ ಮಾವನೋರನ್ನೇ ಕೇಳಿ," ಎಂದು ಹೊರಟುಹೋದ. ಅಳಿಯ ಕೇಳಲಿಲ್ಲ. ಮಾವನನ್ನು ಏನಾದರೂ ಕೇಳುವುದೆಂದರೇ ಅವನಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತು.

ಹಾಳೆ ಬಿಚ್ಚಿದ. ಟರ್ಪೆಂಟೈನಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮೂವತ್ತು ವರ್ಷದ ಹಳೆಯ ಕಾಗದ ನಿನ್ನೆ ತೊಳೆದ ಕುಂಚದ ಹಾಗೆ ನಾರುವುದುಂಟೇ? ಮೂಗು ಮುಚ್ಚಿಕೊಂಡೇ ನೋಡಿದ. ಕಪ್ಪಿಗೆ ತಿರುಗಿದ ಹಸಿರು ಬಳ್ಳಿ. ಎಲೆಯ ಮೇಲೆ ಎಲೆ, ಸುರುಳಿಯ ಒಳಗೆ ಸುರುಳಿ. ಹೂವಿಲ್ಲ, ಹಕ್ಕಿಯಿಲ್ಲ. ಕೆಳಗಿನ ಬಲಮೂಲೆಯಲ್ಲಿ ಬಳ್ಳಿ ತಟ್ಟನೆ ನಿಂತು ಬೆರಳಗಲ ಬಿಳಿ ಉಳಿದಿತ್ತು. ಆ ಕೈಗೆ ಅವನು ಮನಸ್ಸಿನಲ್ಲೇ ಕೈಮುಗಿದ. ಇಂಥ ಬಳ್ಳಿಯನ್ನು ಕೊಳವೆಯಲ್ಲಿ ಕೊಳೆಹಾಕಿದವರ ಬುದ್ಧಿಗೆ ಏನು ಹೇಳೋಣ ಎಂದುಕೊಂಡ.

ಕೆಲಸ ಶುರು ಮಾಡಿದ. ಚಿತ್ರವನ್ನು ಅರ್ಧದಷ್ಟು ಬಲಕ್ಕೆ, ಅರ್ಧದಷ್ಟು ಕೆಳಕ್ಕೆ ಸರಿಸಿದ. ಹೀಗೆ ಸರಿಸಿದರೆ ಬಲಗಡೆ ಹೊರಬಿದ್ದದ್ದು ಎಡಗಡೆಯಿಂದ ಒಳಬರುತ್ತದೆ, ನಾಲ್ಕು ಅಂಚುಗಳೂ ನಡುಮಧ್ಯಕ್ಕೆ ಬಂದು ಕೂಡುಗೆರೆಯಾಗಿ ಕಾಣುತ್ತವೆ. ಆಮೇಲೆ ಆಚೀಚೆಯ ಎಲೆಗಳನ್ನೇ ನಕಲು ಮಾಡಿ ಗೆರೆಯ ಮೇಲೆ ಹೊದಿಸಿ ಮರೆಸಬೇಕು. ಎರಡು ದಿನದ ಕೆಲಸವೆಂದು ಲೆಕ್ಕ ಹಾಕಿದ್ದ. ಒಂದು ಗಂಟೆಯಲ್ಲಿ ಮುಗಿಯಿತು. ಒಂದು ಎಲೆ ಇಟ್ಟರೆ ಪಕ್ಕದ ಎಲೆ ತಾನಾಗಿಯೇ ಹೊಂದುತ್ತಿತ್ತು. ಮೂಲೆಯ ಬಿಳಿಯ ಮೇಲೆ ಕೊನೆಯ ಎಲೆ ಕೂತಾಗ ಮೌಸ್ ಹಿಡಿದ ಅವನ ಬೆರಳು ಜುಮ್ಮೆಂದಿತು. ತುಂಡನ್ನು ನಾಲ್ಕಾಗಿ ಜೋಡಿಸಿ ನೋಡಿದ, ಹದಿನಾರಾಗಿ ಜೋಡಿಸಿದ, ಅರವತ್ತನಾಲ್ಕಾಗಿ ಜೋಡಿಸಿದ. ಎಂಥ ಒಳ್ಳೆಯ ತುಂಡಾದರೂ ದೂರದಿಂದ ನೋಡಿದರೆ ಒಂದು ದಪ್ಪ ಎಲೆಯೋ ಒಂದು ಕಲೆಯೋ ಮತ್ತೆ ಮತ್ತೆ ಕಾಣಿಸಿ ಗುಟ್ಟು ಬಿಟ್ಟುಕೊಡುತ್ತದೆ. ಇದು ಕೊಡಲಿಲ್ಲ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಮಾಡಿದವನಿಗೇ ತಿಳಿಯಲಿಲ್ಲ. ಸಂತೋಷಕ್ಕೆ ಮೇಜು ಕುಟ್ಟಿದ.

ಹೆಂಡತಿಗೆ ತೋರಿಸಿದ. ಅವಳು ಬಟ್ಟೆ ಹೊಲಿಯುವವಳು. ಕಾರ್ಖಾನೆಯ ಹಿಂದಿದ್ದ ಅವರ ಮನೆಯಲ್ಲಿ ವರ್ಷಗಳಿಂದ ಬೀಗ ಹಾಕಿದ್ದ ಕೋಣೆಯೊಂದನ್ನು ಹೊಲಿಗೆಗೆಂದು ಅಪ್ಪನ ಹತ್ತಿರ ಕಾಡಿಬೇಡಿ ಬಿಡಿಸಿಕೊಂಡಿದ್ದಳು. "ಅದು ತೇವ ಹಿಡಿದ ಕೋಣೆ, ಬೇರೆ ಯಾವುದಾದ್ರೂ ತಗೋ ಪುಟ್ಟೀ," ಎಂದು ಅಪ್ಪ ಹತ್ತು ಸಲ ಹೇಳಿದ್ದರು. ಒಬ್ಬಳೇ ಮಗಳು, ಗೆದ್ದಳು. ಈಗ ಬಳ್ಳಿ ನೋಡಿ, "ನನ್ನ ಕೋಣೆಗೆ ಇದೇ ಇರ್ಲಿ ರೀ. ಬಾಗಿಲ ಮೇಲೂ ಅಂಟಿಸಿ, ಬಾಗಿಲು ಗೋಡೇಲೇ ಸೇರಿಹೋಗ್ಲಿ," ಎಂದಳು. ಅಚ್ಚು ಹಾಕಿಸಿ, ಶುಕ್ರವಾರ ಅಂಟು ಬಳಿದು ನಾಲ್ಕೂ ಗೋಡೆಗೆ, ಬಾಗಿಲ ಒಳಮೈಗೂ ಕಾಗದ ಹಾಕಿದರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಚುರುಗುಟ್ಟುವ ಬಿಸಿಲು. ಅಳಿಯ ಲ್ಯಾಪ್‌ಟಾಪ್ ಇಟ್ಟುಕೊಂಡು ಪಡಸಾಲೆಯಲ್ಲಿ ಆ ಕೋಣೆಯ ಎದುರಿಗೇ ಕೂತಿದ್ದ. ಹೆಂಡತಿ ಕೈಯೊರೆಸಿಕೊಂಡು ಬಂದಳು.

"ನಾನು ಹೊಲಿಯೋಳು. ಹೊಲಿಗೆ ಎಲ್ಲಿದೆ ಅಂತ ನನ್ನ ಬೆರಳಿಗೆ ಗೊತ್ತಾಗುತ್ತೆ. ಸಂದು ಹುಡುಕಿ ತರ್ತೀನಿ, ಮೀಸೆಗೆ ಸೋಪು ಹಚ್ಕೊಂಡು ಕೂತಿರಿ."

"ಹೋಗೇ ಹೋಗೇ, ಕಂಡಿದೀನಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆರಳು ಕಾಗದದ ಮೇಲೆ ಸರ್ರನೆ ಸರಿಯುವ ಸದ್ದು ಕೇಳುತ್ತಿತ್ತು. ಬಲಗಡೆಗೆ ಹೋಯಿತು. ಕ್ಷೀಣವಾಯಿತು. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಬಂತು.

"ಒಂದು ಸುತ್ತು ಆಯ್ತು. ಸಿಗ್ಲಿಲ್ಲ," ಎಂದಳು ಒಳಗಿನಿಂದ.

ಅವನು ಕಿಸಕ್ಕೆಂದ. ಸದ್ದು ಮತ್ತೆ ಬಲಕ್ಕೆ ಹೋಯಿತು, ಎಡದಿಂದ ಬಂತು.

"ರೀ."

"ಏನೇ?"

"ನಾನು ಮೂಲೆ ತಿರುಗ್ತಾನೇ ಇಲ್ಲ ಕಣ್ರೀ. ಗೋಡೆ ನೆಟ್ಟಗೆ ಹೋಗ್ತಾ ಇದೆ. ಹೊಲಿಗೆ ಮಿಷನ್ ದಾಟಿ ಬಂದೆ. ಮುಂದೆ ಮತ್ತೆ ಅದೇ ಮಿಷನ್ ಇದೆ."

"ತಮಾಷೆ ಸಾಕು, ಬಾ ಹೊರಗೆ."

"ಬಾಗಿಲು ಎಲ್ಲಿ?"

ಆ ದನಿಯಲ್ಲಿ ತಮಾಷೆ ಇರಲಿಲ್ಲ. ಅವನು ತಲೆ ಎತ್ತಿದ. ಎದುರಿಗೆ ಬಾಗಿಲಿರಲಿಲ್ಲ. ಸುಣ್ಣ ಬಳಿದ ಗೋಡೆ. ಚೌಕಟ್ಟಿಲ್ಲ, ಹೊಸ್ತಿಲಿಲ್ಲ, ಹಿಡಿಕೆಯಿಲ್ಲ. ಅಂಗೈಯಿಂದ ತಡವಿದ. ತಣ್ಣನೆಯ ಗೋಡೆ, ಅಷ್ಟೆ. ಅಂಗಳಕ್ಕೆ ಓಡಿದ. ಕಿಟಕಿ ಇತ್ತು. ಗಾಜು ಇತ್ತು. ಗಾಜಿನ ಹಿಂದೆ ಒತ್ತಿಕೊಂಡು ಎಲೆಗಳು. ಕಲ್ಲು ತೆಗೆದು ಹೊಡೆದ. ಗಾಜು ಒಡೆಯಿತು. ಎಲೆಗಳ ಹಿಂದೆ ಇಟ್ಟಿಗೆ. ಸುತ್ತಿಗೆ ತಂದು ಪಡಸಾಲೆಯ ಗೋಡೆಗೆ ಬಡಿದ. ಗಾರೆ ಉದುರಿತು. ಒಳಗೆ ಬಳ್ಳಿ. ಬಳ್ಳಿ ಕೆರೆದ. ಇಟ್ಟಿಗೆ. ಇಟ್ಟಿಗೆ ಕಿತ್ತ. ಮತ್ತೆ ಬಳ್ಳಿ. ಅದರ ಬಿರುಕಿನಿಂದ ಟರ್ಪೆಂಟೈನಿನ ನಾತ ಹೊಗೆಯಂತೆ ಬಂತು.

"ರೀ, ವಾಸನೆ," ಎಂದಳು. ದನಿ ತೊದಲುತ್ತಿತ್ತು. "ತಲೆ ಸುತ್ತುತ್ತೆ."

ಅಳಿಯನ ಕಿರುಚಾಟಕ್ಕೆ ಕಾರ್ಖಾನೆಯಿಂದ ಮಾವ ಓಡಿಬಂದರು, ಹಿಂದೆಯೇ ಬಣ್ಣದಜ್ಜ. ಗೋಡೆ ನೋಡಿದ್ದೇ ಮಾವ ನಿಂತಲ್ಲೇ ನಿಂತರು. ಮಗಳು ಎಲ್ಲಿ, ಏನಾಯಿತು ಎಂದು ಕೇಳಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, "ಆ ಹಾಳೆ ಸುಟ್ಟುಹಾಕು ಅಂತ ಅವತ್ತೇ ಹೇಳಿದ್ದೆ," ಎಂದು ಅಜ್ಜನ ಕಡೆ ತಿರುಗಿದರು.

"ಹೇಳಿದ್ರಿ. ನಾನು ಸುಡಲಿಲ್ಲ," ಎಂದ ಅಜ್ಜ.

ಅಳಿಯ ಲ್ಯಾಪ್‌ಟಾಪಿನ ಮೇಲೆ ಬಿದ್ದ. ತಾನು ಮುಚ್ಚಿದ ಸಂದನ್ನು ತಾನೇ ತೆರೆಯಬೇಕು, ಅಷ್ಟೇ ತಾನೆ? ಕೊನೆಗಿಟ್ಟ ಎಲೆ ಅಳಿಸಬೇಕು. ಯಾವ ಎಲೆ? ಅರ್ಧಕ್ಕೆ ಸರಿಸಿದ. ಎಲೆಗಳು. ಕಾಲುಭಾಗ ಸರಿಸಿದ. ಎಲೆಗಳು. ಸಿಕ್ಕ ಎಲೆಯನ್ನು ಅಳಿಸಿದ. ಬಿಳಿ ಬಿದ್ದ ಜಾಗಕ್ಕೆ ಪಕ್ಕದ ಬಳ್ಳಿ ಕುಡಿಚಾಚಿ ಬಂದು ಕೂತಿತು. ಕಣ್ಣೆದುರಿಗೇ! ಅವನು ಅಳಿಸಿದ, ಅದು ಬೆಳೆಯಿತು. ಅವನು ಅಳಿಸಿದ, ಅದು ಬೆಳೆಯಿತು. ಕಣ್ಣಲ್ಲಿ ನೀರು ತುಂಬಿ ಪರದೆ ಮಂಜಾಯಿತು.

"ರೀ, ಇಲ್ಲಿ ಇನ್ಯಾರೋ ಇದಾರೆ," ಎಂದಳು ಗೋಡೆಯ ಒಳಗಿನಿಂದ. ಈಗ ಮೆಲ್ಲಗೆ, ನಿದ್ದೆಗಣ್ಣಿನವಳ ಹಾಗೆ. "ಹುಡುಗಿ. ಗೋಡೆ ಕಡೆ ಮುಖ ಮಾಡಿ ಕೂತಿದಾಳೆ. ಕೈಯಲ್ಲಿ ಕುಂಚ ಇದೆ. 'ಕೂಡಿಸಿದೀನಿ ಯಜಮಾನ್ರೇ, ಬಾಗಿಲು ತೆಗೀರಿ' ಅಂತ ಹೇಳ್ತಾನೇ ಇದಾಳೆ. ಅಪ್ಪಾ, ಇವಳು ಯಾರು?"

ಬಣ್ಣದಜ್ಜ ಬಾಯಿ ಬಿಟ್ಟ.

"ನನ್ನ ನಾದಿನಿ. ನನ್ನ ಹೆಂಡತಿ ಬಳ್ಳಿ ಬರೀತಿದ್ದಳು, ಅವಳ ತಂಗಿ ಸಂದು ಕೂಡಿಸ್ತಿದ್ದಳು. ಆಗ ಕೆಲಸ ನಡೀತಿದ್ದದ್ದು ಇದೇ ಮನೇಲಿ, ಇದೇ ಕೋಣೇಲಿ. ಒಂದು ದೊಡ್ಡ ಆರ್ಡರಿನ ಕಾಗದದಲ್ಲಿ ಸಂದು ಎದ್ದು ಕಾಣ್ತಿತ್ತು. ಇವರು ಅವಳನ್ನ ಒಳಗೆ ಕೂಡಿಸಿ ಹೊರಗಿಂದ ಚಿಲಕ ಹಾಕಿದ್ರು. ಸಂದು ಕಾಣದ ಹಾಗೆ ಕೂಡಿಸು, ಆಮೇಲೆ ತೆಗೀತೀನಿ ಅಂತ. ಕಿಟಕಿಗೆ ಹಲಗೆ ಹೊಡೆದಿತ್ತು. ಒಳಗೆ ಡಬ್ಬಗಟ್ಟಲೆ ಟರ್ಪೆಂಟೈನು. ಮಾರನೇ ದಿನದಿಂದ ಎರಡು ದಿನ ರಜೆ. ನಾನೂ ನನ್ನ ಹೆಂಡತೀನೂ ಊರಲ್ಲಿರಲಿಲ್ಲ. ಬರೋ ಹೊತ್ತಿಗೆ ಆ ವಾಸನೇಲಿ ಉಸಿರುಕಟ್ಟಿ ಸತ್ತಿದ್ದಳು."

"ಅವಳಿಗೆ ಹೃದಯದ ಕಾಯಿಲೆ ಇತ್ತು," ಎಂದರು ಮಾವ.

"ನನ್ನ ಹೆಂಡತಿ ಅವಳ ಕೂದಲು ಸುಟ್ಟು ಮಸಿ ಮಾಡಿ ಹಸಿರಿಗೆ ಬೆರೆಸಿದಳು. ಆ ಬಣ್ಣದಲ್ಲಿ ಈ ಬಳ್ಳಿ ಬರೆದು, ಸಂದು ಬಿಟ್ಟು, ಕಣ್ಣು ಮುಚ್ಚಿದಳು. ಹಾಳೆ ಇಲ್ಲೇ ಇರ್ಲಿ, ಮುಟ್ಟೋಕೆ ಬಂದೋರಿಗೆ ಮೂರು ಸಲ ಬೇಡ ಅನ್ನು ಅಂತ ಸಾಯೋ ಮೊದಲು ನನ್ನ ಹತ್ರ ಆಣೆ ತಗೊಂಡಿದ್ದಳು. ಮೂರು ಸಲ ಹೇಳಿಸಿಕೊಂಡೂ ಮುಟ್ಟಿದೋರಿಗೇ ಮಾಟ ಹತ್ತೋದು. ಮೂವತ್ತು ವರ್ಷ ಹೇಳಿದೆ. ಎಲ್ಲರೂ ಹೆದರಿ ಕೈಬಿಟ್ರು." ಅಜ್ಜ ಅಳಿಯನ ಕಡೆ ನೋಡಿದ. "ನೀವು ನಕ್ಕಿರಿ."

ಅಳಿಯ ಎದ್ದು ಅವನ ಕೊರಳಪಟ್ಟಿ ಹಿಡಿದ. "ನನ್ನ ಹೆಂಡತಿ ನಿನಗೇನು ಮಾಡಿದ್ದಳೋ ಮುದುಕಾ!"

"ಏನೂ ಮಾಡಿರಲಿಲ್ಲ," ಎಂದ ಅಜ್ಜ. "ಚಿಲಕ ಹಾಕಿದೋನೇ ಸಿಕ್ಕಿಬೀಳ್ತಾನೆ ಅಂತಿದ್ದೆ. ಮಗು ಒಳಗೆ ಹೋಗುತ್ತೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಈಗ ಸಂದು ತೆರೀಬೇಕಾದ್ರೆ ಚಿಲಕ ಹಾಕಿದೋನೇ ಬಾಯಿಬಿಟ್ಟು ನಿಜ ಹೇಳಬೇಕು ಅಳಿಯಂದ್ರೇ. ಬೇರೆ ದಾರಿ ಇಲ್ಲ."

ಒಳಗೆ ಧಪ್ಪೆಂದು ಏನೋ ಬಿತ್ತು. ಅವಳು ಕುಸಿದು ಕೂತ ಸದ್ದು.

"ಹೇಳಿ ಮಾವ!"

"ನನ್ನಿಂದ ತಪ್ಪಾಗಿರಬಹುದು," ಎಂದರು ಮಾವ ಗೋಡೆಗೆ. ಗೋಡೆ ಮಿಸುಕಲಿಲ್ಲ. ಒಳಗೆ ಕೆಮ್ಮು.

"ಸರಿಯಾಗಿ ಹೇಳಿ!"

"ಬಾಗಿಲು ಹಾಕಿದ್ದು ಹೌದು. ಮರೆತುಹೋಗಿತ್ತು. ಮನುಷ್ಯ ಅಂದ ಮೇಲೆ ಮರೆವು ಇರಲ್ವಾ?" ಪಡಸಾಲೆಯ ಕಿಟಕಿಯಾಚೆ ಕೆಲಸಗಾರರು ಗುಂಪು ಸೇರುತ್ತಿದ್ದರು. ಮಾವನ ಕಣ್ಣು ಆ ಕಡೆ, ಈ ಕಡೆ. ಮಗಳು ಸಾಯುತ್ತಿದ್ದಾಳೆ, ಈ ಮನುಷ್ಯನಿಗೆ ಇನ್ನೂ ಮರ್ಯಾದೆಯ ಚಿಂತೆ! ಒಳಗೆ ಕೆಮ್ಮು ನಿಂತಿತು. ಉಸಿರು ಮಾತ್ರ. ಎಳೆದು ಎಳೆದು. ಒಂದು. ಇನ್ನೊಂದು. ಇನ್ನೊಂದು ಬರಲಿಲ್ಲ.

"ಕೇಳಿಸಿತ್ತು!" ಮಾವ ಗೋಡೆಗೆ ಎರಡೂ ಕೈ ಬಡಿದು ಅರಚಿದರು. "ಅವಳು ಬಾಗಿಲು ಬಡಿಯೋದು ಕೇಳಿಸಿತ್ತು! ಪಕ್ಕದ ಕೋಣೇಲೇ ಮಲಗಿದ್ದೆ. ಬುದ್ಧಿ ಬರ್ಲಿ ಅಂತ ಬಿಟ್ಟೆ. ಬಡಿತ ನಿಂತ ಮೇಲೂ ತೆಗೀಲಿಲ್ಲ. ನಾನೇ ಕೊಂದೆ! ನನ್ನ ಮಗಳನ್ನ ಬಿಡು!"

ಗೋಡೆಯಲ್ಲಿ ಕೂದಲೆಳೆಯಷ್ಟು ಗೆರೆ ಮೂಡಿತು. ಬೆರಳಗಲವಾಯಿತು. ಮೊಳ ಅಗಲವಾಯಿತು. ಕತ್ತಲು. ನಾತ. ಮಾವ ತೋಳು ತೂರಿಸಿದರು. ಮಗಳ ಕೈ ಸಿಕ್ಕಿತು. ಎಳೆದರು. ಅವಳು ಹೊರಬಂದಳು, ಹಿಂದಿನಿಂದ ಯಾರೋ ತಳ್ಳಿದ ಹಾಗೆ. ಅದೇ ಗಳಿಗೆ ಒಳಗಿನಿಂದ ಒಂದು ಕೈ ಮಾವನ ಮಣಿಕಟ್ಟು ಹಿಡಿಯಿತು. ಸಣ್ಣ ಕೈ. ಬೆರಳಿಗೆಲ್ಲ ಹಸಿರು. ಸೂಜಿಯ ಹಿಂದೆ ದಾರ ಹೋದ ಹಾಗೆ ಮಾವ ಒಳಗೆ ಹೋದರು. ಸಂದು ಕೂಡಿಕೊಂಡು ಬೆರಳಗಲ ಉಳಿಯಿತು.

ಅಳಿಯ ಹೆಂಡತಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ಅವಳು ಕೆಮ್ಮಿದಳು, ಉಸಿರಾಡಿದಳು, ಕಣ್ಣು ಬಿಟ್ಟಳು. ಅವಳ ಭುಜದ ಮೇಲಿಂದ ಅವನು ಪರದೆ ನೋಡಿದ. ತುಂಡಿನ ಮೂಲೆಯಲ್ಲಿ ಬಿಳಿ ಮರಳಿ ಬಂದಿತ್ತು. ಎಲೆಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಗೋಡೆಯ ಸಂದೂ ಅದರ ಜೊತೆಗೇ ಅಗಲವಾಗುತ್ತಿತ್ತು.

"ತೆರೀತಾ ಇದೆ! ಕಾಲು ಗಂಟೆ ಹೀಗೇ ಬಿಟ್ರೆ ಮಾವನೂ ಹೊರಗೆ ಬರ್ತಾರೆ ಕಣೇ!"

ಸಂದಿನಿಂದ ಮಾವನ ನಾಲ್ಕು ಬೆರಳು ಹೊರಬಂದು ಗಾರೆ ಹಿಡಿದವು. "ಪುಟ್ಟೀ, ಎಳೀ. ಇಲ್ಲಿ ಉಸಿರು ಕಟ್ಟುತ್ತೆ."

ಅವಳು ಗಂಡನ ತೋಳು ಬಿಡಿಸಿಕೊಂಡು ಸಂದಿನ ಹತ್ತಿರ ಕೂತಳು. ಎಳೆಯಲಿಲ್ಲ.

"ಅಪ್ಪಾ, ಅವಳು ಎಷ್ಟು ದಿನ ಬಾಗಿಲು ಬಡಿದಳು?"

"ಅದೆಲ್ಲಾ ಹಳೇ ಕತೆ, ಯಾರಿಗೆ ನೆನಪಿದೆ? ಕೂಲಿಗೆ ಬಂದೋಳು, ಬಿಡು. ಮೊದಲು ನನ್ನ ಎಳೀ."

ಅವಳು ಆ ಬೆರಳುಗಳನ್ನೇ ನೋಡಿದಳು. ಚಿಕ್ಕವಳಿದ್ದಾಗ ಹಿಡಿದು ನಡೆದ ಬೆರಳುಗಳು. ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಕೈ ಒಳಗೆ ತಗೊಳ್ಳಿ ಅಪ್ಪಾ," ಎಂದಳು ಮೆತ್ತಗೆ.

ಬಾಗಿಲು ಅಗಲ ಮಾಡುತ್ತಾಳೆಂದುಕೊಂಡರೋ ಏನೋ, ಬೆರಳುಗಳು ವಿಧೇಯವಾಗಿ ಒಳಗೆ ಹೋದವು. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡಳು.

"ಹೊರಗೆ ನಡೀರಿ ಎಲ್ಲಾ."

"ಏನ್ ಮಾಡ್ತಿದೀಯೇ? ಮುಚ್ಚಿದೋರ ಮನೆಗೇ ಬಾಗಿಲಿರಲ್ಲ ಅಂತ ಶಾಪ ಇದೆ, ಆ ಸಂದು ಮತ್ತೆ ಮುಚ್ಚಿದ್ರೆ ಈ ಮನೇನೇ ಹೋಗುತ್ತೆ! ನಮಗೆ ಇರೋದು ಇದೊಂದೇ ಸೂರು."

"ಹೋಗ್ಲಿ."

ಅವನು ತಡೆಯಬಹುದಿತ್ತು. ಲ್ಯಾಪ್‌ಟಾಪ್ ಕಿತ್ತುಕೊಳ್ಳಲು ಕೈ ಚಾಚಿದ್ದೂ ನಿಜ. ಅವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದ. ಮೂವರೂ ಬರಿಗಾಲಲ್ಲಿ ಬೀದಿಗೆ ಬಂದರು. ಬಿಸಿಲಿಗೆ ಟಾರು ಕಾದಿತ್ತು. ಎದುರುಮನೆಯ ಮೆಟ್ಟಿಲ ಮೇಲೆ ಕೂತು ಅವಳು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಳು. ಗಂಡ ಮಾಡುವುದನ್ನು ಮೂರು ತಿಂಗಳಿಂದ ನೋಡುತ್ತಿದ್ದಳು. ಪಕ್ಕದಿಂದ ಒಂದು ಎಲೆ ಎತ್ತಿ ಬಿಳಿಯ ಮೇಲೆ ಇಟ್ಟಳು. ಎಲೆ ಕೂತಿತು.

ಮನೆಯ ಮುಂಬಾಗಿಲು ಸುಣ್ಣದ ಗೋಡೆಯಾಯಿತು. ಕಿಟಕಿಗಳು ಒಂದರ ಹಿಂದೊಂದು ಮುಚ್ಚಿದವು. ಗುಂಪು ಸೇರಿದ್ದ ಕೆಲಸಗಾರರು ದಿಕ್ಕಾಪಾಲಾಗಿ ಓಡಿದರು. ಆಮೇಲೆ ಗೋಡೆಯ ಒಳಗೆ ಬಡಿತ ಶುರುವಾಯಿತು. ಮೊದಲು ಜೋರಾಗಿ, ಸಿಟ್ಟಿನಿಂದ. ಬಲಕ್ಕೆ ಹೋಯಿತು, ಎಡದಿಂದ ಬಂತು.

"ಎಷ್ಟು ಹೊತ್ತು ಹೀಗೆ?" ಎಂದು ಅಳಿಯ ಪಿಸುಗುಟ್ಟಿದ.

"ಎರಡು ದಿನ. ಒಳಗಿದ್ದ ಆ ಹುಡುಗಿಯೇ ನನಗೆ ಹೇಳಿದಳು, ಎರಡು ದಿನ ಬಡಿದೆ ಅಂತ. ಎರಡು ದಿನ ಆದ ಮೇಲೆ ತೆಗೆಯೋಣ," ಎಂದಳು ಮಗಳು.

ಬಣ್ಣದಜ್ಜ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು ಬಡಿತ ಕೇಳುತ್ತಿದ್ದ.